ಕೊನೆಯ ಸುತ್ತಿನ ಏಟು

ಕನ್ನಡಿಯಲ್ಲಿ ಆ ಹೆಂಗಸು ಮತ್ತೆ ಕಂಡಳು. ರಸ್ತೆಯಾಚೆ ಔಷಧಿ ಅಂಗಡಿಯ ನೆರಳಿನಲ್ಲಿ ನಿಂತು, ತಲೆಯೆತ್ತಿ, ಕ್ಷೌರದಂಗಡಿಯ ಮೇಲಿನ ಮನೆಯ ಕಿಟಕಿಯನ್ನೇ ನೋಡುತ್ತಿದ್ದಳು. ಆ ಮನೆ ಬಾಕ್ಸಿಂಗ್ ತೀರ್ಪುಗಾರನದು. ತೀರ್ಪುಗಾರನ ಅರ್ಧ ಕೆನ್ನೆ ನುಣ್ಣಗಾಗಿತ್ತು, ಇನ್ನರ್ಧ ನೊರೆಯಲ್ಲಿತ್ತು. ಎದ್ದು ಓಡುವಂತಿರಲಿಲ್ಲ.

“ಅಲ್ಲಾಡಬೇಡಿ ಸಾರ್, ಕತ್ತಿ ಇದೆ,” ಎಂದ ಕ್ಷೌರದವನು ಬೆಂಚಿನ ಕಡೆ ತಿರುಗಿ ವಾದ ಮುಂದುವರಿಸಿದ. “ಆ ಏಟು ಬಿದ್ದೇ ಇಲ್ಲ ಕಣ್ರೀ. ಕೆಂಪು ಮೂಲೆಯವನು ಬೀಸಿದ, ನೀಲಿಯವನು ಗ್ಲೌಸ್ ಅಡ್ಡ ಹಿಡಿದ. ಆಗಿದ್ದಿಷ್ಟೇ.”

“ಬೀಳದೇ ಇದ್ದರೆ ನೀಲಿಯವನು ಅವತ್ತೇ ಆಸ್ಪತ್ರೇಲಿ ಸತ್ತಿದ್ದು ಯಾಕಯ್ಯಾ?” ಬೆಂಚಿನ ಮೇಲಿದ್ದ ದರ್ಜಿ ಕೇಳಿದ.

“ಅವನ ತಲೆಯೊಳಗೆ ಮೊದಲೇ ಹಳೇ ಪೆಟ್ಟಿತ್ತು. ಯಾವುದರಿಂದ ಹೋದ ಅಂತ ಡಾಕ್ಟರುಗಳೇ ಕೈ ಚೆಲ್ಲಿದರಲ್ಲ.”

ಆ ಫೈನಲ್ ಪಂದ್ಯ ಮುಗಿದು ವರ್ಷಗಳೇ ಉರುಳಿದ್ದವು. ಅಂಗಡಿಯಲ್ಲಿ ಮಾತ್ರ ಅದು ನಿನ್ನೆ ಮೊನ್ನೆಯ ಸುದ್ದಿ. ಬಾಕ್ಸಿಂಗ್ ಹುಚ್ಚಿನವರಿಗೆ ಜಗಳವಾಡಲು ಇದಕ್ಕಿಂತ ಒಳ್ಳೆಯ ಸರಕು ಸಿಕ್ಕಿರಲಿಲ್ಲ. ವಿಡಿಯೋದಲ್ಲಿ ಸರಿಯಾಗಿ ಆ ಗಳಿಗೆಗೇ ರೆಫರಿಯ ಬೆನ್ನು ಅಡ್ಡ ಬರುತ್ತದೆ, ಹಾಗಾಗಿ ಯಾರು ಏನು ಬೇಕಾದರೂ ಅನ್ನಬಹುದಿತ್ತು. ಮೂವರು ತೀರ್ಪುಗಾರರಲ್ಲಿ ಒಬ್ಬ ಕೆಂಪಿಗೆ ಕೊಟ್ಟಿದ್ದ, ಒಬ್ಬ ನೀಲಿಗೆ. ಗೆಲುವನ್ನು ಕೆಂಪಿನ ಕಡೆ ವಾಲಿಸಿದ್ದು ಮೂರನೆಯವನಾದ ಈ ತೀರ್ಪುಗಾರನ ಅಂಕ. ಅದೂ ಕೊನೆಯ ಸುತ್ತಿನ ಆ ಒಂದು ಏಟಿಗೆ.

“ನೀವೇ ಹೇಳಿಬಿಡಿ ಸಾರ್,” ಎಂದ ದರ್ಜಿ. “ರಿಂಗಿನ ಪಕ್ಕದಲ್ಲೇ ಕೂತಿದ್ದವರು ನೀವು.”

“ಬಿತ್ತು,” ಎಂದ ತೀರ್ಪುಗಾರ, ಎಂದಿನಂತೆ ಕಡ್ಡಿ ತುಂಡು ಮಾಡಿದ ಹಾಗೆ. ದರ್ಜಿ ತೊಡೆ ತಟ್ಟಿಕೊಂಡ.

ಬಿತ್ತೋ ಇಲ್ಲವೋ ತೀರ್ಪುಗಾರನಿಗೆ ಗೊತ್ತಿರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡೇ ಕೂತಿದ್ದ, ನಿಜ. ಆದರೆ ಅವನ ಕುರ್ಚಿ ಇದ್ದ ಬದಿಯಿಂದ ಆ ಕ್ಷಣ ಕಂಡದ್ದು ಕೆಂಪಿನವನ ಬೆವರಿದ ಬೆನ್ನು ಮಾತ್ರ. ಧಪ್ಪೆಂದು ಸದ್ದಾಯಿತು. ಜನ ಎದ್ದು ನಿಂತು ಬೊಬ್ಬಿಟ್ಟರು. ಆ ಬೊಬ್ಬೆಗೆ ಅವನು ಅಂಕ ಕೊಟ್ಟ. ಸುತ್ತು ಮುಗಿದ ಕೂಡಲೇ ಚೀಟಿ ಕೊಟ್ಟುಬಿಡಬೇಕು, ಕೊಟ್ಟ ಮೇಲೆ ತಿದ್ದುವಂತಿಲ್ಲ. ಈಗ ಹೊಸ ತೀರ್ಪುಗಾರರಿಗೆ ಅವನೇ ಗುರು. ತರಗತಿಯ ಮೊದಲ ಮಾತೇ, “ಕಂಡದ್ದಕ್ಕೆ ಅಂಕ, ಕೇಳಿದ್ದಕ್ಕಲ್ಲ.” ಅದನ್ನು ಹೇಳುವಾಗಲೆಲ್ಲ ಅವನು ಹಲಗೆಯ ಕಡೆ ತಿರುಗಿಕೊಳ್ಳುತ್ತಿದ್ದ.

ಸೋತ ನೀಲಿಯವನು ರಿಂಗಿನಿಂದ ಇಳಿಯುವಾಗ ಮೂವರಿಗೂ ತಲೆಬಾಗಿ ಹೋಗಿದ್ದ. ಮಧ್ಯಾಹ್ನ ಸ್ವಲ್ಪ ಅಡ್ಡಾದರೆ ಸಾಕು, ಆ ತಲೆ ಮೆಲ್ಲಗೆ ಮೇಲೆದ್ದು ಇವನನ್ನೇ ನೋಡುತ್ತಿತ್ತು. ಬೈಯುತ್ತಿರಲಿಲ್ಲ, ಬರಿದೆ ನೋಡುತ್ತಿತ್ತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕ್ಷೌರ ಮುಗಿಸಿಕೊಂಡು ತೀರ್ಪುಗಾರ ಮೆಟ್ಟಿಲು ಹತ್ತಿ ಬೀಗ ತೆಗೆಯುತ್ತಿದ್ದಾಗ ಹಿಂದೆಯೇ ಹೆಜ್ಜೆ ಸದ್ದಾಯಿತು.

“ಆ ಫೈನಲ್ ವಿಷಯ ಮಾತಾಡಬೇಕಿತ್ತು,” ಎಂದಳು ರಸ್ತೆಯಾಚೆ ನಿಂತಿದ್ದ ಹೆಂಗಸು. “ನನ್ನ ಗಂಡ ಅವತ್ತು ರಿಂಗಿನಲ್ಲಿದ್ದರು.”

ಈ ದಿನ ಒಂದಲ್ಲ ಒಂದು ದಿನ ಬರುತ್ತದೆಂದು ಅವನಿಗೆ ಗೊತ್ತಿತ್ತು. ಒಳಗೆ ಕರೆದು ಕೂರಿಸಿದ. ನೀರು ಕೊಟ್ಟ. ಗೋಡೆಯ ತುಂಬ ಅವನು ತಯಾರು ಮಾಡಿದ ತೀರ್ಪುಗಾರರ ಫೋಟೋಗಳು. ಅವಳು ಅವನ್ನು ನೋಡಲೂ ಇಲ್ಲ.

“ಆಗಿದ್ದಕ್ಕೆ ನನಗೂ ತುಂಬಾ ದುಃಖ ಇದೆ ಕಣಮ್ಮ,” ಎಂದ.

“ನಮ್ಮ ಮನೇಲಿ ಅವತ್ತಿಂದ ಯಾರೂ ನೆಟ್ಟಗೆ ನಿದ್ದೆ ಮಾಡಿಲ್ಲ ಸಾರ್. ನಾನು ಜಗಳಕ್ಕೆ ಬಂದಿಲ್ಲ. ಪದಕ ಯಾರ ಮನೇಲಿದ್ದರೆ ನನಗೇನು? ಬೇಕಾದವರು ಇಟ್ಟುಕೊಳ್ಳಲಿ. ಒಂದೇ ಒಂದು ಮಾತು ಹೇಳಿ. ಆ ಏಟು ಬೀಳಲಿಲ್ಲ, ಅಲ್ವಾ?”

ಅವನು ಕಿಟಕಿಯ ಪರದೆ ಎಳೆದ.

“ಆ ವಿಡಿಯೋ ಎಷ್ಟು ಸಲ ನೋಡಿದ್ದೀನೋ ನನಗೇ ಗೊತ್ತಿಲ್ಲ. ನೀವು ಕೂತಿದ್ದ ಕಡೆಯಿಂದ ಕೆಂಪಿನವರ ಬೆನ್ನು ಬಿಟ್ಟು ಬೇರೇನೂ ಕಾಣಲ್ಲ. ನೀವು ಅದನ್ನ ನೋಡೇ ಇಲ್ಲ. ಹೌದೋ ಅಲ್ವೋ?”

ಇಷ್ಟು ವರ್ಷ ಕ್ಷೌರದಂಗಡಿಯ ಮಹಾಪಂಡಿತರಿಗೆ ಹೊಳೆಯದ್ದು ಇವಳಿಗೆ ಹೊಳೆದಿತ್ತು. ಹೌದು ಎಂದುಬಿಡಲು ಬಾಯಿ ತೆರೆದ. ಅಂದರೆ ಏನಾದೀತು? ಗೆದ್ದವನನ್ನು ಸೋತವನೆಂದು ಸಾಯಲು ಕಳಿಸಿದೆ ಎಂದು ಅವನ ಹೆಂಡತಿಯ ಮುಖಕ್ಕೇ ಹೇಳಿದಂತಾದೀತು. ನಾಳೆ ಅದು ಕೆಳಗಿನ ಅಂಗಡಿಗೂ ತಿಳಿದೀತು, ತರಗತಿಗೂ ತಿಳಿದೀತು. ಅವನಿಗೆ ಭಯವಾಯಿತು. ನಾಚಿಕೆಯಾಗುವಷ್ಟು ಭಯ.

“ಯಾರಿಗೂ ಹೇಳಲ್ಲ ಸಾರ್,” ಅವಳು ಕುರ್ಚಿಯ ಅಂಚಿಗೆ ಸರಿದಳು. “ಮನೇಲಿ ಮಾತ್ರ ಹೇಳ್ತೀನಿ. ಗ್ಲೌಸಿಗೆ ತಗುಲಿತು ಅಂದುಬಿಡಿ. ನೋಡಲಿಲ್ಲ ಅಂದರೂ ಸಾಕು. ನಿಮ್ಮ ಕಾಲಿಗೆ ಬೀಳ್ತೀನಿ.”

“ಬಿತ್ತು,” ಎಂದ ತೀರ್ಪುಗಾರ. ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಸುಳ್ಳಿಗೆ ಬಲ ಸಾಲದೆಂದು ಕಂಡಿತೋ ಏನೋ, ಮುಂದುವರಿಸಿದ. “ಬೆನ್ನು ಪಕ್ಕಕ್ಕೆ ಸರಿದಿತ್ತು. ನಾನು ಕಣ್ಣಾರೆ ನೋಡಿದೆ. ನೇರ ಕಿವಿಯ ಮೇಲೆ, ಪೂರ್ತಿ ಬಲದಿಂದ. ಇದರಲ್ಲಿ ಅನುಮಾನವೇ ಬೇಡ.”

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ನೀರು ಹಾಗೇ ಇತ್ತು. ಎದ್ದು ಬಾಗಿಲ ಕಡೆ ನಡೆದಳು. ಆ ಮುಖ ನೋಡಿ ಅವನೂ ಎದ್ದ. ಒಂದು ಒಳ್ಳೆಯ ಮಾತನ್ನಾದರೂ ಆಡಿ ಕಳಿಸೋಣವೆಂದುಕೊಂಡ.

“ನಿಮ್ಮ ಯಜಮಾನರು ಗಟ್ಟಿ ಆಳು ಕಣಮ್ಮ. ಅಂಥ ಏಟು ತಿಂದೂ ಕೊನೇವರೆಗೆ ನಿಂತೇ ಇದ್ದರು.”

“ತಿಂದವರು ಅವರಲ್ಲ ಸಾರ್, ಹೊಡೆದವರು,” ಎಂದಳು ಅವಳು. “ಆ ಮನುಷ್ಯ ಸತ್ತಿದ್ದು ಅವರ ಕೈಯಿಂದಲ್ಲ ಅಂತ ಇವತ್ತಾದರೂ ಮನೆಗೆ ಹೋಗಿ ಅವರಿಗೆ ಹೇಳೋಣ ಅಂತಿದ್ದೆ.”