ಕರಡಿ ಪಿಸ್ತೂಲು

"ನಿಮ್ಮ ಗಂಡನ ಕೈಗೆ ಪಿಸ್ತೂಲು ಬಂದರೆ ಈ ಮನೆಯಲ್ಲಿರಲು ನಿಮಗೆ ಭಯವಾಗುತ್ತದೆಯೇ?" ಎಂದು ಜೋನ್ ಕೇಳಿದಾಗ ಚಂದ್ರಿಕಾ ಕೇಸರಿಬಾತಿನ ತಟ್ಟೆಯನ್ನು ಅವರ ಮುಂದೆ ಇನ್ನಷ್ಟು ಸರಿಸಿದಳು. ಬಂದೂಕಿನ ಪರವಾನಗಿ ಕೊಡುವ ಮೊದಲು ಮನೆಗೇ ಬಂದು ವಿಚಾರಿಸುವ ಸರ್ಕಾರದ ಕಡೆಯ ಹೆಂಗಸು ಜೋನ್. ಅರ್ಜಿ ಹಾಕಿದವನನ್ನೂ ಅವನ ಹೆಂಡತಿಯನ್ನೂ ಬೇರೆಬೇರೆ ಕೂರಿಸಿ ಕೇಳುವುದು ಈ ಪರದೇಶದ ಪದ್ಧತಿ. ಶ್ರೀಪಾದನ ಸರದಿ ಮುಗಿದಿತ್ತು. ಅವನು ಹಿತ್ತಲಿನ ತಂತಿಯ ಮೇಲಿದ್ದ ಒಣಗಿದ ಬಟ್ಟೆಗಳನ್ನೇ ತೆಗೆದು ಮತ್ತೆ ಹರವುತ್ತ ಹೊತ್ತು ಕಳೆಯುತ್ತಿದ್ದ.

"ಅಯ್ಯೋ, ಅವರ ಹತ್ರ ಎಂಥ ಭಯ? ಚಿನ್ನದಂಥ ಮನುಷ್ಯ. ಕುಡಿಯಲ್ಲ, ಸೇದಲ್ಲ, ಒಂದು ದಿನ ದನಿ ಎತ್ತಿದವರಲ್ಲ. ಒಳ್ಳೇ ಮನೆತನ" ಎಂದಳು ಚಂದ್ರಿಕಾ, ತನಗೆ ಬಂದ ಇಂಗ್ಲಿಷಿನಲ್ಲಿ. ಪಕ್ಕದ ಮನೆಯ ಹುಡುಗನ ಬಗ್ಗೆ ಹೆಣ್ಣಿನ ಕಡೆಯವರು ವಿಚಾರಿಸಲು ಬಂದಾಗ ಮೈಸೂರಿನಲ್ಲಿ ಅವಳ ತಾಯಿ ಒಪ್ಪಿಸುತ್ತಿದ್ದ ಮಾತುಗಳೇ ಇವು. ಬಂದವರ ಬಾಯಿ ಸಿಹಿ ಮಾಡಿ, ಒಳ್ಳೆಯದನ್ನೇ ಆಡಿ ಕಳಿಸಬೇಕು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿಲ್ಲವೇ ಹಿರಿಯರು? ಪಿಸ್ತೂಲಿಗೂ ಅದೇ ನಡೆಯುತ್ತದೆ ಎಂದುಕೊಂಡಿದ್ದಳು, ಪಾಪ.

"ಅರ್ಜಿಯಲ್ಲಿ ಕರಡಿ ಬೇಟೆಗೆ ಎಂದು ಬರೆದಿದ್ದಾರೆ. ಇಲ್ಲಿ ಕರಡಿಯೂ ಇಲ್ಲ, ಪಿಸ್ತೂಲಿನಲ್ಲಿ ಬೇಟೆಯಾಡುವಂತೆಯೂ ಇಲ್ಲ" ಎಂದು ಜೋನ್ ನಕ್ಕರು.

"ಬೇಟೆ ಅಲಾಸ್ಕಾದಲ್ಲಿ. ಪಕ್ಕದ ಮನೆ ಗ್ರೆಗ್‌ನ ಅಣ್ಣ ಅಲ್ಲಿದ್ದಾನೆ, ಮುಂದಿನ ವರ್ಷ ಕರೆದಿದ್ದಾನೆ. ಇಲ್ಲಿ ಕ್ಲಬ್ಬಿನಲ್ಲಿ ಗುರಿ ಹಿಡಿಯೋದು ಕಲೀಬೇಕಂತೆ, ಅಷ್ಟೇ."

ಮೊಟ್ಟೆಯನ್ನೂ ಮುಟ್ಟದ ಮನುಷ್ಯನಿಗೆ ಕಪ್ಪು ಕರಡಿಯ ಹುಚ್ಚು ಹಿಡಿದಾಗ "ಹೊಡೆದು ಏನ್ ಮಾಡ್ತೀರಾ, ಹುಳಿಗೆ ಹಾಕ್ತೀರಾ?" ಎಂದು ಚಂದ್ರಿಕಾ ಛೇಡಿಸಿದ್ದಳು. ಒಳಗೊಳಗೇ ಮಾತ್ರ ಆ ಕರಡಿಗೆ ಕೈ ಮುಗಿದಿದ್ದಳು. ಕೆಲಸ ಹೋದ ಮೇಲೆ ಚಳಿಗಾಲವಿಡೀ ಗೋಡೆ ನೋಡುತ್ತ ಕೂತಿದ್ದ ಗಂಡ ಈಗ ಊಟದ ನಡುವೆ ಬಾಯಿ ಬಿಡುತ್ತಿದ್ದ. "ಹೊಸಬರಿಗೆ ಫಾರ್ಟಿ ಫೋರ್ ಪಿಸ್ತೂಲು ಬೇಡವಂತೆ ಕಣೇ. ಒದೆತ ಜಾಸ್ತಿ, ಹೆದರಿ ಕಣ್ಣು ಮುಚ್ಚಿ ಹೊಡೆಯೋ ಚಾಳಿ ಬೀಳತ್ತಂತೆ. ತ್ರೀ ಫಿಫ್ಟಿ ಸೆವೆನ್ ಸಾಕು. ನಳಿಗೆ ಉದ್ದ ಇರ್ಬೇಕು, ಕೈಲಿ ಸ್ವಲ್ಪ ತೂಕವಾಗೇ ಇರ್ಬೇಕು" ಎಂದು ಸಾರಿನ ಸೌಟು ಹಿಡಿದು ಗುರಿಯಿಟ್ಟು ತೋರಿಸುತ್ತಿದ್ದ. ಅವಳಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆ ದನಿ ಕೇಳಿದರೆ ಸಾಕು, ಹೊಟ್ಟೆ ತುಂಬುತ್ತಿತ್ತು.

"ಕೊನೆಯ ಪ್ರಶ್ನೆ" ಎಂದರು ಜೋನ್. "ಅವರು ಎಂದಾದರೂ ತಮ್ಮ ಜೀವಕ್ಕೆ ತಾವೇ ಅಪಾಯ ತಂದುಕೊಳ್ಳಲು ಹೊರಟಿದ್ದುಂಟೇ?"

'ಛೆ ಛೆ' ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬರಲಿಲ್ಲ. ಇಲ್ಲಿ ಚಳಿಗಾಲವಾದ ಜುಲೈನ ಒಂದು ಬೆಳಗ್ಗೆ ವೈಕಾಟೊ ನದಿಯ ಸೇತುವೆಯ ಮೇಲಿಂದ ಅವನ ಸ್ವೆಟರ್ ಹಿಡಿದು ಎಳೆದುಕೊಂಡು ಬಂದವಳು ಅವಳು. ಮನೆಗೆ ಬಂದು ಸಾರು ಮಾಡಿದಳು, ಅವನು ಉಂಡ, ಅಲ್ಲಿಗೆ ಆ ವಿಷಯ ಮುಗಿಯಿತು. ಮನೆಯ ಮಾತು ಹೊಸಿಲು ದಾಟಬಾರದೆಂದು ಹೆತ್ತ ತಾಯಿಗೂ ಹೇಳಿರಲಿಲ್ಲ. ಈಗ ಇಲ್ಲ ಎಂದರೆ ಪಿಸ್ತೂಲು ಮನೆಯೊಳಗೆ ಬರುತ್ತದೆ. ಹೌದು ಎಂದರೆ, ಅವನ ಬಾಯಿಗೆ ಈಗಷ್ಟೇ ಮರಳಿ ಬಂದ ಮಾತು ಮತ್ತೆ ಮನೆ ಬಿಟ್ಟು ಹೋಗುತ್ತದೆ. ಕಿಟಕಿಯಾಚೆ ಶ್ರೀಪಾದ ಅವಳ ಸೀರೆಗೆ ಕ್ಲಿಪ್ ಹಾಕುತ್ತ ಇತ್ತ ತಿರುಗಿದ. ಹೆಬ್ಬೆರಳೆತ್ತಿ, ಎಲ್ಲ ಸರಿಯಾ ಎಂಬಂತೆ ನಕ್ಕ. ಅವನು ನಕ್ಕದ್ದು ನೋಡಿ ಅವಳಿಗೆ ಅಳು ಉಕ್ಕಿ ಬಂತು.

"ಹೌದು" ಎಂದಳು.

ಜೋನ್ ಪೆನ್ನು ಕೆಳಗಿಟ್ಟರು. "ಇದನ್ನು ಮೊದಲು ಯಾರಿಗೆ ಹೇಳಿದ್ದಿರಿ?"

"ನಿಮಗೇ ಮೊದಲು."

ಜೋನ್ ಅವಳ ಕೈ ಹಿಡಿದುಕೊಂಡರು. ಪರವಾನಗಿಯ ಮಾತು ಹಾಗಿರಲಿ, ಈ ವಾರವೇ ಅವರನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ ಎಂದರು. ಆಮೇಲೆ ತಟ್ಟೆಯಲ್ಲಿದ್ದ ಕೇಸರಿಬಾತನ್ನು ಪೂರ್ತಿ ತಿಂದು ಹೊರಟರು.

ಕಾರು ತಿರುಗುವುದನ್ನೇ ಕಾಯುತ್ತಿದ್ದ ಶ್ರೀಪಾದ ಒಳಗೆ ಬಂದ. "ಏನ್ ಕೇಳಿದ್ರು? ಒಳ್ಳೇದೇ ಹೇಳ್ದೆ ತಾನೇ?"

"ಸೇತುವೆ ವಿಷಯ ಹೇಳ್ದೆ ಕಣ್ರೀ."

ಅವನ ಮುಖದ ಬಣ್ಣವೇ ಹೋಯಿತು. "ಪ್ರಾಣ ಹೋದ್ರೂ ಮಾನ ಹೋಗ್ಬಾರ್ದು ಅಂತಾರೆ. ಯಾರೋ ಗೊತ್ತಿಲ್ದೋರ ಮುಂದೆ ನನ್ನ ಮಾನ ಕಳೆದೆಯಲ್ಲೇ ಚಂದ್ರೂ."

"ಹೋಗ್ಲಿ ಬಿಡಿ. ಮಾನ ಹೋದ ಗಂಡನ ಜೊತೆ ಹೇಗೋ ಬಾಳ್ತೀನಿ. ಗಂಡನೇ ಇಲ್ದೆ ಬರೀ ಮಾನ ಇಟ್ಕೊಂಡು ನಾನೇನ್ ಮಾಡ್ಲಿ?"

ಅವನು ಕೋಣೆಯ ಕಡೆ ಹೊರಟ. ಆಯಿತು, ಇನ್ನು ಇವರ ಬಾಯಿಗೆ ಬೀಗ ಬಿತ್ತು ಎಂದುಕೊಂಡು ಚಂದ್ರಿಕಾ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹಿಂದಿನಿಂದ ಕುರ್ಚಿ ಎಳೆದ ಸದ್ದಾಯಿತು.

"ಅವತ್ತು ಬೆಳಗ್ಗೆ ಏನಾಯ್ತು ಅಂದ್ರೆ..." ಎಂದು ಶ್ರೀಪಾದ ಶುರು ಮಾಡಿದ.