ನಾಯಿಗೆ ಹಾಕಿದ ಔಷಧಿ

“ನಾಯಿ ಔಷಧಿ ಬೆಕ್ಕಿಗೆ ಹೇಗೆ ತಗುಲ್ತು?” ಡಾಕ್ಟರಮ್ಮ ಕೇಳಿದರು. ಕೇಳುವಾಗಲೂ ಅವರ ಕೈ ನಿಂತಿರಲಿಲ್ಲ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿ ಬೆಕ್ಕಿನ ಮುಖ, ಎದೆ, ಕಾಲುಗಳನ್ನು ಉಜ್ಜುತ್ತಿದ್ದರು. ಸ್ಟೀಲ್ ಮೇಜಿನ ಮೇಲೆ ಬೆಕ್ಕು ಗಡಗಡ ನಡುಗುತ್ತಿತ್ತು. ಬಾಯಲ್ಲಿ ನೊರೆ.

ಬೆಕ್ಕನ್ನು ಹೊತ್ತು ತಂದಿದ್ದ ಬಡಗಿ ಪಕ್ಕಕ್ಕೆ ಕಣ್ಣು ಹಾಯಿಸಿದ. ಪಕ್ಕದಲ್ಲಿ ಟವೆಲ್ ಹಿಡಿದು ನಿಂತಿದ್ದವಳು ಅವನ ಹೆಂಡತಿಯ ಮಗಳು, ಮೊದಲ ಗಂಡನಿಗೆ ಹುಟ್ಟಿದವಳು. ಬೆಕ್ಕೂ ಆ ಕಡೆಯದೇ. ತೀರಿಕೊಳ್ಳುವ ಮುಂಚೆ ಆತ ಮಗಳಿಗೆ ತಂದುಕೊಟ್ಟದ್ದು. ಬಡಗಿ ಈ ಮನೆಗೆ ತಂದದ್ದು ಒಂದು ಹತಾರದ ಪೆಟ್ಟಿಗೆ, ಒಂದು ನಾಯಿ. ನಾಯಿ, ಬೆಕ್ಕು ವಾರದೊಳಗೆ ಒಂದೇ ಚಾಪೆಗೆ ಬಂದವು. ಮನುಷ್ಯರಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು! ಹುಡುಗಿ ಅವನನ್ನು ‘ಅಪ್ಪ’ ಎನ್ನತೊಡಗಿದ್ದು ಈಗೀಗ. ಅದನ್ನು ಕೇಳಲೆಂದೇ ಅವನು ದಿನಾ ಬೇಗ ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ.

ಹಿಂದಿನ ಸಂಜೆ ನಾಯಿಯ ಕತ್ತಿನ ಹಿಂದೆ ಕೂದಲು ಬಿಡಿಸಿ ಉಣ್ಣೆಹುಳದ ಔಷಧಿ ಹಿಂಡಿದವನು, ಆಮೇಲೆ ಅದನ್ನು ಹಿಂದಿನ ಕೋಣೆಗೆ ಕೂಡಿ ಮೇಲಿನ ಚಿಲಕ ಹಾಕಿದವನು ಅವನೇ. “ಇದು ಬೆಕ್ಕಿಗೆ ವಿಷ ಕಣೇ ಪುಟ್ಟಿ. ನಾನು ಹೇಳೋವರೆಗೂ ಇವೆರಡನ್ನೂ ಸೇರಿಸಬೇಡ,” ಎಂದಿದ್ದ. “ಹ್ಞೂಂ ಅಪ್ಪ,” ಎಂದಿದ್ದಳು. ಬೆಳಿಗ್ಗೆ ಎದ್ದರೆ ಚಿಲಕದ ಕೆಳಗೆ ಸ್ಟೂಲು, ಬಾಗಿಲು ಅರೆ ತೆರೆದಿದೆ, ಒಳಗೆ ಬೆಕ್ಕು ಎಂದಿನಂತೆ ನಾಯಿಯ ಕತ್ತು ನೆಕ್ಕುತ್ತಿದೆ. ಹೆಂಡತಿ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಬೆಕ್ಕನ್ನು ಎತ್ತಿಕೊಂಡು ಆಗಲೇ ಓಡಬೇಕಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಏನೂ ಆಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಧ್ಯಾಹ್ನದ ಹೊತ್ತಿಗೆ ನಡುಕ ಶುರುವಾಯಿತು.

“ನಿಮ್ಮನ್ನೇ ಕೇಳ್ತಿರೋದು. ನೀವು ಹಾಕಿದ್ರಾ, ಇಲ್ಲಾ ನಾಯಿ ಮೈಯಿಂದ ನೆಕ್ಕಿತಾ?”

ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

“ನಾನೇ ಹಾಕಿದೆ,” ಎಂದ. “ನಾಯಿಗೆ ಹಾಕಿ ಮಿಕ್ಕಿತ್ತು. ಯಾಕೆ ದಂಡ ಅಂತ...”

“ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರಕ್ಕೆ ಕೆಂಪು ಗೀಟು ಎಳೆದಿದ್ದಾರಲ್ಲ, ಅದೇನು ಅಲಂಕಾರಕ್ಕಾ? ನಾಯಿ ತಡ್ಕೊಳ್ಳೋದನ್ನ ಬೆಕ್ಕು ತಡ್ಕೊಳ್ಳಲ್ಲ ಸ್ವಾಮಿ! ನಿಮ್ಮಂಥೋರು ಪ್ರಾಣಿ ಸಾಕ್ಲೇಬಾರದು.”

ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಡಾಕ್ಟರಮ್ಮ ಒಂದು ಇಂಜೆಕ್ಷನ್ ಕೊಟ್ಟರು, ಕಾದರು, ಇನ್ನೊಂದು ಕೊಟ್ಟರು. ಬೆಕ್ಕು ಒಮ್ಮೆ ಬೆನ್ನು ಬಾಗಿಸಿ ಸೆಟೆದುಕೊಂಡಿತು, ಮತ್ತೆ ಸಡಿಲವಾಯಿತು. ಡಾಕ್ಟರಮ್ಮ ಅದರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಆಮೇಲೆ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದರು. ಹುಡುಗಿ ಟವೆಲ್ ಬಿಡಲೊಲ್ಲಳು. ಅವನೇ ಬಿಡಿಸಿಕೊಂಡು ಉಸಿರು ನಿಂತ ಬೆಕ್ಕನ್ನು ಸುತ್ತಿದ.

ದಾರಿಯಲ್ಲಿ ಅವಳು ಅಳಲಿಲ್ಲ. “ನೀನೇನೂ ಹೇಳಬೇಡ ಪುಟ್ಟಿ. ಅಮ್ಮನಿಗೂ ನಾನೇ ಅಂತ ಹೇಳ್ತೀನಿ,” ಎಂದ. ಅವಳು ತಲೆಯಾಡಿಸಿ ಅವನ ಬೆರಳು ಹಿಡಿದುಕೊಂಡಳು. ನಿಜ ಹೇಳಬೇಕೆಂದರೆ, ಆ ಸಂಕಟದಲ್ಲೂ ಅವನಿಗೆ ಒಂದಿಷ್ಟು ಹಿತವೆನಿಸಿತು. ಇನ್ನು ಇವಳು ನನ್ನ ಮಗಳೇ ಅಂದುಕೊಂಡ.

ಸಂಜೆ ಹೆಂಡತಿ ಬಂದಳು. ಅವನು ಹೇಳಿದ್ದನ್ನು ಬಾಗಿಲಲ್ಲೇ ನಿಂತು ಕೇಳಿದಳು. ಕೂಗಾಡಲಿಲ್ಲ. ಹುಡುಗಿ ಮತ್ತೆ ಅವನ ಬೆರಳು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ನೀವು ಅಂಥ ಕೆಲಸ ಮಾಡೋರಲ್ಲ ರೀ,” ಎಂದಳು. “ನಾನು ನಂಬಲ್ಲ. ಪುಟ್ಟಿ, ನೀನು ಹೇಳು. ಇವರು ಹಾಕಿದ್ರಾ?”

ಅವನು ಹುಡುಗಿಯತ್ತ ನೋಡಿದ. ಒಂದು ‘ಹ್ಞೂಂ’ ಅಂದಿದ್ದರೆ ಸಾಕಿತ್ತು. ಅವಳು ಅವನ ಬೆರಳು ಬಿಟ್ಟು, ಓಡಿಹೋಗಿ ತಾಯಿಯ ಸೊಂಟ ತಬ್ಬಿಕೊಂಡಳು. ಅಲ್ಲಿಯವರೆಗೂ ತಡೆದಿಟ್ಟ ಅಳು ಒಮ್ಮೆಲೇ ಒಡೆಯಿತು.

“ಬೇಡ ಬೇಡ ಅಂತ ನಾನು ಎಷ್ಟು ಅತ್ತೆ ಗೊತ್ತಾ ಅಮ್ಮ! ಅವರು ಬೇಕಂತಲೇ ಹಾಕಿದ್ರು.”