ಗೋಲ್‌ಕೀಪರನ ಸಿಳ್ಳೆ

ಊಟ ಬಲ್ಲವನಿಗೆ ರೋಗವಿಲ್ಲ, ಸಿಳ್ಳೆ ಬಲ್ಲವನಿಗೆ ಸೋಲಿಲ್ಲ. ಗಾದೆ ಕಲಬೆರಕೆಯಾದರೂ ಕತೆ ಅಪ್ಪಟ ನಿಜ.

ಇಂಗ್ಲೆಂಡಿನ ಪುಟ್ಟ ಊರಿನಲ್ಲಿ ಅಜ್ಜ ಕಟ್ಟಿದ ಫುಟ್‌ಬಾಲ್ ಕ್ಲಬ್ಬಿಗೆ ಮೊಮ್ಮಗನೇ ಗೋಲ್‌ಕೀಪರ್. ಅಂದಿನ ಕೊನೇ ಪಂದ್ಯ ಸಮವಾದರೆ ಕ್ಲಬ್ಬು ಉಳಿಯುತ್ತದೆ, ಸೋತರೆ ತೊಂಬತ್ತು ವರ್ಷದ ಚರಿತ್ರೆಗೆ ಬೀಗ.

ಗೋಲು ಸಮವಾಗಿದ್ದ ಕೊನೆಯ ನಿಮಿಷದಲ್ಲಿ ಎದುರಾಳಿ ತಂಡದ ಹೊಸಬನೊಬ್ಬ ಚೆಂಡಿನೊಡನೆ ಒಂಟಿಯಾಗಿ ನುಗ್ಗಿ ಬಂದ. ಗೋಲ್‌ಕೀಪರ್ ನಾಲಗೆ ಮಡಚಿ, ಥೇಟು ರೆಫರಿಯ ಸೀಟಿಯಂತೆಯೇ ಸಿಳ್ಳೆ ಹಾಕಿದ. ಎಲ್ಲರೂ ನಿಂತರು. ಹೊಸಬ ಮಾತ್ರ ನಿಲ್ಲದೆ ಗೋಲು ಹೊಡೆದ.

"ಸೀಟಿ ಆಯ್ತಲ್ಲಾ ಸಾರ್! ಇದ್ಯಾವ ಸೀಮೆ ಗೋಲು?" ಎಂದು ಗೋಲ್‌ಕೀಪರ್ ಕೂಗಿದ.

"ನಾನು ಊದಲೇ ಇಲ್ಲವಲ್ಲಪ್ಪಾ," ಎಂದ ರೆಫರಿ. "ಗೋಲು ಗೋಲೇ. ಊದಿದ್ದು ಯಾರು?"

ಗೋಲ್‌ಕೀಪರನ ಮುಖ ಬಿಳಿಚಿತು, ಮೈದಾನ ಗೊಳ್ಳೆಂದಿತು. ಹೊಸಬನಿಗೆ ಏನೂ ತಿಳಿಯಲಿಲ್ಲ. ಜೊತೆಗಾರ ಎದುರು ನಿಂತು ಕೈಸನ್ನೆಯಲ್ಲಿ ಹೇಳಿದಾಗ, ಹುಟ್ಟಿನಿಂದ ಕಿವಿ ಕೇಳದ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.